ಹಾಸ್ಟೆಲಿನ "ಸರದಿ" ಆಟ: ಮೆಡಿಕಲ್ ಥ್ರಿಲ್ಲರ್ ಸ್ಕ್ರಿಪ್ಟು ಎಲ್ಲಿ ತಪ್ಪುತ್ತಿದೆ? ಬಲ್ಲವರು ಹೇಳಿ

ಬೋಳಾರ_ಬರಹ:
ಸ್ಕ್ರಿಪ್ಟಿನ ಮೂರನೇ ಕರಡು ಮುಗಿದಿದೆ, 110 ನಿಮಿಷದ್ದು. ತುಳುನಾಡಿನ ಆಟಿ ತಿಂಗಳ ಮಳೆಗಾಲ, ಜುಲೈ-ಆಗಸ್ಟ್. ಐವರು ಎಂಬಿಬಿಎಸ್ ವಿದ್ಯಾರ್ಥಿಗಳು ಮಂಗಳೂರಿನ ಅತ್ತಾವರದಲ್ಲಿ ಒಂದು ಹಳೆ ಹಂಚಿನ ಮನೆ ಬಾಡಿಗೆಗೆ ಹಿಡಿದಿದ್ದಾರೆ. ಪ್ರತಿ ಶನಿವಾರ ರಾತ್ರಿ ಒಬ್ಬರ "ಸರದಿ". ಮಲಗಿದವನ ಹೃದಯ ನಿಲ್ಲಬೇಕು, ಉಳಿದ ನಾಲ್ವರು ಅವನನ್ನು ವಾಪಸು ತರಬೇಕು. ಮೂರನೇ ಸರದಿಯಲ್ಲಿ ಒಬ್ಬ ವಾಪಸು ಬರುವುದಿಲ್ಲ. ಹೆಣವನ್ನು ರಾತ್ರೋರಾತ್ರಿ ಟ್ರಾಲ್ ಬೋಟಿನಲ್ಲಿ ಸಮುದ್ರಕ್ಕೆ ಹಾಕುತ್ತಾರೆ. ಅದು ತಣ್ಣೀರುಬಾವಿ ದಡಕ್ಕೆ ಬರುತ್ತದೆ. ಅಲ್ಲಿಂದ ಯಾರೋ ಉಳಿದ ನಾಲ್ವರನ್ನು ಆಡಿಸತೊಡಗುತ್ತಾರೆ.
ಕಾಲೇಜಿನ ಹೆಸರು ಕಾಲ್ಪನಿಕ. ಮೂರು ವಿಷಯದಲ್ಲಿ ಸಹಾಯ ಬೇಕು. ಹೃದಯ ನಿಂತು ವಾಪಸು ಬರುವ ದೃಶ್ಯ ಸರಿ ಇದೆಯಾ, ಪೋಸ್ಟ್‌ಮಾರ್ಟಂನಲ್ಲಿ ಸತ್ಯ ಹೇಗೆ ಹೊರಬರುತ್ತದೆ, ಕಡಿಮೆ ದುಡ್ಡಿನಲ್ಲಿ ಇದನ್ನು ಶೂಟ್ ಮಾಡುವುದು ಹೇಗೆ. ಈಗಿನ ದೃಶ್ಯ ಹೀಗಿದೆ: ಮಾನಿಟರಿನಲ್ಲಿ ಗೆರೆ ನೇರವಾಗುತ್ತದೆ, ಒಬ್ಬಳು ಶಾಕ್ ಕೊಡುತ್ತಾಳೆ, ದೇಹ ಒಂದು ಅಡಿ ಮೇಲೆ ಹಾರುತ್ತದೆ, ಗೆರೆ ಮತ್ತೆ ಕುಣಿಯುತ್ತದೆ.

ಇಸಿಜಿ_ಪಟ್ಟಿ:
ಆ ಇಡೀ ದೃಶ್ಯ ತೆಗೆದುಬಿಡಿ. ನೇರ ಗೆರೆಗೆ ಶಾಕ್ ಕೊಡುವುದಿಲ್ಲ. ಡಿಫಿಬ್ರಿಲೇಟರ್ ನಿಂತ ಹೃದಯವನ್ನು ಓಡಿಸುವ ಯಂತ್ರವೇ ಅಲ್ಲ. ಹುಚ್ಚೆದ್ದು ನಡುಗುತ್ತಿರುವ ಹೃದಯವನ್ನು ಒಂದು ಕ್ಷಣ ಸ್ತಬ್ಧಗೊಳಿಸಿ, ಅದರದ್ದೇ ತಾಳ ಮತ್ತೆ ಹಿಡಿಯಲು ಬಿಡುವ ಯಂತ್ರ ಅದು. ವೆಂಟ್ರಿಕ್ಯುಲರ್ ಫಿಬ್ರಿಲೇಶನ್‌ಗೆ (ಹೃದಯದ ಕೆಳಕೋಣೆಗಳು ತಾಳವಿಲ್ಲದೆ ನಡುಗುವುದು) ಮತ್ತು ನಾಡಿ ಸಿಗದ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾಕ್ಕೆ (ಅವೇ ಅತಿ ವೇಗವಾಗಿ ಬಡಿಯುವುದು) ಮಾತ್ರ ಶಾಕ್. ನೇರ ಗೆರೆ ಬಂದರೆ ಮೊದಲು ಮೈಗೆ ಅಂಟಿಸಿದ ಲೀಡ್ (ವಯರ್) ಕಳಚಿದೆಯಾ, ಗೇನ್ (ಗೆರೆಯನ್ನು ದೊಡ್ಡದು ಮಾಡಿ ತೋರಿಸುವ ಸೆಟ್ಟಿಂಗ್) ಕಡಿಮೆ ಇದೆಯಾ ನೋಡ್ತಾರೆ, ಇನ್ನೊಂದು ಲೀಡಿನಲ್ಲಿ ಪರೀಕ್ಷಿಸ್ತಾರೆ, ನಂತರ ಎದೆ ಒತ್ತುವುದು ಮತ್ತು ಅಡ್ರಿನಲಿನ್. ಎರಡನೇ ವರ್ಷ ದಾಟಿದ ಯಾವ ವಿದ್ಯಾರ್ಥಿಗೂ ಇದು ಗೊತ್ತು. ನಿಮ್ಮ ಪಾತ್ರಗಳಿಗೆ ಗೊತ್ತಿಲ್ಲದಿದ್ದರೆ ಮೆಡಿಕಲ್ ಓದಿದ ಪ್ರೇಕ್ಷಕ ಆ ಕ್ಷಣವೇ ಕತೆಯ ಕೈಬಿಡ್ತಾನೆ. ಮಂಗಳೂರು, ಮಣಿಪಾಲ ಈ ಎರಡು ಊರಿನಲ್ಲಿ ಅಂಥ ಪ್ರೇಕ್ಷಕರು ಬೀದಿಗೊಬ್ಬರು ಇದ್ದಾರೆ.
ದೇಹ ಅಡಿ ಎತ್ತರ ಹಾರುವುದೂ ಇಲ್ಲ. ಎದೆಯ ಮತ್ತು ಭುಜದ ಸ್ನಾಯು ಒಮ್ಮೆ ಬಿಗಿದು ಸಡಿಲ ಆಗ್ತದೆ, ಅಷ್ಟೇ. ಎರಡು ಪ್ಯಾಡಲ್ ಉಜ್ಜುವುದು ಬೇಡ, ಜೆಲ್ ಹಚ್ಚಿ ಒತ್ತಿ ಹಿಡಿಯುತ್ತಾರೆ. ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ. ಒದ್ದೆ ಎದೆ ಆದರೆ ಮೊದಲು ಒರೆಸಬೇಕು. ನಿಮ್ಮದು ಮಳೆಯ ಕತೆ, ಈ ಒರೆಸುವ ಎರಡು ಸೆಕೆಂಡಿನಲ್ಲೇ ಎಷ್ಟೋ ಭಯ ತರಬಹುದು.

ಬೋಳಾರ_ಬರಹ:
ಹಾಗಾದರೆ ಭಯ ಎಲ್ಲಿಂದ ಬರಬೇಕು ಸರ್? ಗೆರೆ ನೇರವಾಗುವುದೇ ನಮ್ಮ ಪೋಸ್ಟರ್.

ಇಸಿಜಿ_ಪಟ್ಟಿ:
ಗಡಿಯಾರದಿಂದ. ಮಿದುಳಿಗೆ ರಕ್ತ ನಿಂತ ನಾಲ್ಕರಿಂದ ಆರು ನಿಮಿಷದೊಳಗೆ ಹಾನಿ ಶುರು ಆಗ್ತದೆ. ಫಿಬ್ರಿಲೇಶನ್ ಆಗಿ, ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಆಟದ ನಿಯಮ ಇದರ ಮೇಲೆ ನಿಲ್ಲಲಿ. ಮತ್ತೆ ಎದೆ ಒತ್ತುವುದನ್ನು ಪೂರ್ತಿ ತೋರಿಸಿ: ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, 30 ಒತ್ತಿದ ಮೇಲೆ 2 ಉಸಿರು, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಬೇಕು. ಪಕ್ಕೆಲುಬು ಮುರಿಯುವುದು ಮಾಮೂಲು, ಆ ಸದ್ದಿಗೆ ಹೆದರಿ ನಿಲ್ಲಿಸುವುದೇ ತಪ್ಪು. ಒಬ್ಬನೇ ಒತ್ತುತ್ತಾ ಹೋದರೆ ಎರಡು ನಿಮಿಷದೊಳಗೆ ಆಳ ಕಡಿಮೆ ಆಗ್ತದೆ, ಅವನಿಗೇ ಗೊತ್ತಾಗುವುದಿಲ್ಲ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು. ನಿಮ್ಮಲ್ಲಿ ನಾಲ್ವರಿದ್ದಾರೆ. ಒಬ್ಬ ಹೆದರಿ ಓಡಿದರೆ ಮೂವರು. ಸಾವಿಗೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.
ಇನ್ನೂ ಎರಡು ಸಂಗತಿ ಉಂಟು. ಹಂಚಿನ ಮನೆಯ ಮಂಚ ಎಂದರೆ ಸ್ಪ್ರಿಂಗಿನದ್ದು ಅಥವಾ ಹತ್ತಿಯ ಹಾಸಿಗೆ. ಅದರ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆ, ಎದೆಯಲ್ಲ. ನೆಲಕ್ಕೆ ಇಳಿಸಲೇಬೇಕು. ಎರಡನೆಯದು ನನಗೆ ತೀರಾ ಮುಖ್ಯ: ಹೃದಯ ನಿಂತ ಹಲವರು ಮೊದಲ ಕೆಲವು ನಿಮಿಷ ಬಾಯಿ ತೆರೆದು ಏದುತ್ತಾರೆ, ಗೊರಕೆಯ ಹಾಗೆ, ನೀರಿನಿಂದ ತೆಗೆದ ಮೀನಿನ ಹಾಗೆ. ಅದು ಉಸಿರಾಟ ಅಲ್ಲ, ಸಾಯುತ್ತಿರುವ ಮಿದುಳಕಾಂಡದ ಕೊನೆಯ ಪ್ರತಿಕ್ರಿಯೆ. ನೋಡಿದವರು "ಉಸಿರು ಬಂತು" ಎಂದು ಕೈ ತೆಗೆಯುತ್ತಾರೆ. ನಿಮ್ಮ ಮೂರನೇ ಸರದಿಯಲ್ಲಿ ಒಬ್ಬಳು ಖುಷಿಯಿಂದ "ಬಂತು, ಬಂತು" ಎಂದು ಅಳಲಿ, ಎಲ್ಲರೂ ಕೈ ಬಿಡಲಿ, ಏದುವುದು ನಿಧಾನ ಆಗಲಿ. ದೆವ್ವ ಬೇಡ, ಇಷ್ಟು ಸಾಕು.

ಸೌಂಡ್_ಉಡುಪಿ:
ಇದಕ್ಕೆ ಹೊಂದುವ ಒಂದು ಮಾತು. ಆಸ್ಪತ್ರೆಯ ಮಾನಿಟರಿನಲ್ಲಿ ಪಲ್ಸ್ ಆಕ್ಸಿಮೀಟರಿನ ಬೀಪ್ ಒಂದೇ ಸ್ವರದಲ್ಲಿ ಇರುವುದಿಲ್ಲ. ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿದ ಹಾಗೆ ಸ್ವರವೂ ಇಳಿಯುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವವರು ಪರದೆ ನೋಡದೆಯೇ ಕಿವಿಯಿಂದ ಎಚ್ಚರಗೊಳ್ಳುವುದು ಹೀಗೆ. ನಮ್ಮ ಸಿನಿಮಾಗಳಲ್ಲಿ ಎಲ್ಲ ಬೀಪೂ ಒಂದೇ ಶ್ರುತಿ. ಮೊದಲ ಸರದಿಯಲ್ಲಿ ಈ ಇಳಿಯುವ ಸ್ವರವನ್ನು ಪ್ರೇಕ್ಷಕನ ಕಿವಿಗೆ ಕಲಿಸಿ, ಯಾರೂ ವಿವರಿಸುವುದು ಬೇಡ. ಮೂರನೇ ಸರದಿಯಲ್ಲಿ ಕ್ಯಾಮೆರಾ ಬಾಗಿಲ ಹೊರಗೆ ನಿಲ್ಲಲಿ, ಸ್ವರ ಮಾತ್ರ ಇಳಿಯಲಿ. ಬೆರಳಿಗೆ ಸಿಕ್ಕಿಸುವ ಚಿಕ್ಕ ಮೀಟರಿನಲ್ಲಿ ಇದು ಸಾಮಾನ್ಯವಾಗಿ ಇಲ್ಲ, ಹಾಗಾಗಿ ಬಡಿತ, ಬಿಪಿ, ಆಮ್ಲಜನಕ ಎಲ್ಲ ಒಟ್ಟಿಗೆ ತೋರಿಸುವ ಮಲ್ಟಿಪ್ಯಾರಾ ಮಾನಿಟರ್ ತೋರಿಸಿ.

ಅರಿವಳಿಕೆ_ಮಣಿಪಾಲ:
ಸೌಂಡ್‌ನವರು ಹೇಳಿದ್ದು ಸರಿ, ಅದರ ಜೊತೆ ಇನ್ನೊಂದು ಸೇರಿಸಿಕೊಳ್ಳಿ. ಬೆರಳಿನ ಪ್ರೋಬ್ ತೋರಿಸುವ ಸಂಖ್ಯೆ ಈಗಿನದ್ದಲ್ಲ. ರಕ್ತ ಶ್ವಾಸಕೋಶದಿಂದ ಬೆರಳ ತುದಿ ಮುಟ್ಟಬೇಕು, ಯಂತ್ರ ಕೆಲವು ಬಡಿತಗಳ ಸರಾಸರಿ ತೆಗೆಯಬೇಕು. ಸುಮಾರು 20ರಿಂದ 30 ಸೆಕೆಂಡ್ ಹಿಂದೆ ಇರ್ತದೆ, ಕೈ ತಣ್ಣಗಿದ್ದರೆ ಇನ್ನೂ ಹೆಚ್ಚು. ಅಂದರೆ ಪರದೆಯಲ್ಲಿ 94 ಕಾಣುವಾಗ ಒಳಗೆ ಆಗಲೇ ಅದಕ್ಕಿಂತ ಕೆಳಗೆ ಇಳಿದಿರಬಹುದು. ಉಸಿರು ಕೊಟ್ಟ ಮೇಲೂ ಸ್ವಲ್ಪ ಹೊತ್ತು ಸಂಖ್ಯೆ ಇಳಿಯುತ್ತಲೇ ಹೋಗ್ತದೆ. ಆಗ ಅನುಭವ ಇಲ್ಲದವರು ಗಾಬರಿಯಾಗಿ ಸರಿಯಾಗಿ ಮಾಡುತ್ತಿದ್ದದ್ದನ್ನು ಬಿಟ್ಟು ಬೇರೆ ಏನೋ ಮಾಡ್ತಾರೆ. "80ಕ್ಕೆ ಬಂದಾಗ ನಿಲ್ಲಿಸುವುದು" ಎಂದು ಇವರು ನಿಯಮ ಇಟ್ಟುಕೊಳ್ಳಲಿ. ಬುದ್ಧಿವಂತ ಮಕ್ಕಳ ಬುದ್ಧಿವಂತ ನಿಯಮ, ಆದರೆ ಅವರು ನೋಡುತ್ತಿರುವುದು ಅರ್ಧ ನಿಮಿಷ ಹಳೆಯ ಸಂಖ್ಯೆ. ಆಟ ತಪ್ಪುವುದಕ್ಕೆ ಖಳನಾಯಕ ಬೇಕಾಗಿಲ್ಲ.
ಹೃದಯ ನಿಂತ ಮೇಲೆ ಮೀಟರ್ 60, 40, 0 ಎಂದು ಎಣಿಸುತ್ತಾ ಇಳಿಯುವುದೂ ಸುಳ್ಳು. ನಾಡಿಯ ಬಡಿತವೇ ಇಲ್ಲದಿದ್ದರೆ ಅದಕ್ಕೆ ಅಳೆಯಲು ಏನೂ ಇಲ್ಲ, ಸಂಖ್ಯೆಯ ಜಾಗದಲ್ಲಿ ಅಡ್ಡಗೆರೆ ಬರ್ತದೆ. ಕೈಯ ಮೆಹಂದಿ, ಗಾಢ ನೇಲ್ ಪಾಲಿಶ್, ನಡುಕ, ಎಲ್ಲವೂ ಓದು ಕೆಡಿಸುತ್ತವೆ. ಮದುವೆ ಮನೆಯಿಂದ ನೇರ ಆಟಕ್ಕೆ ಬಂದ ಹುಡುಗಿಯ ಬೆರಳಿನ ಮೆಹಂದಿ ನಿಮಗೆ ಕತೆಯಲ್ಲಿ ಉಪಯೋಗಕ್ಕೆ ಬರಬಹುದು.
ನಟರಿಂದ ನಿಜವಾಗಿ ಉಸಿರು ಕಟ್ಟಿಸಬೇಡಿ. ಮಾನಿಟರಿನ ಪರದೆಯನ್ನು ಮೊದಲೇ ರೆಕಾರ್ಡ್ ಮಾಡಿ ಟ್ಯಾಬ್ಲೆಟಿನಲ್ಲಿ ಓಡಿಸಿ. ಡಿಫಿಬ್ರಿಲೇಟರ್ ಪ್ರಾಪ್ ಆಗಿ ಬರುವುದಾದರೆ ಬ್ಯಾಟರಿ ತೆಗೆದ, ಪ್ಯಾಡಲಿನ ವಯರ್ ಕತ್ತರಿಸಿದ ಗುಜರಿ ಯಂತ್ರ ಮಾತ್ರ. ಅದರ ಕೆಪಾಸಿಟರ್ ಬಿಚ್ಚುವುದನ್ನೂ ಬಯೋಮೆಡಿಕಲ್ ಟೆಕ್ನಿಷಿಯನ್ ಕೈಯಲ್ಲೇ ಮಾಡಿಸಿ. ಕೆಲಸ ಮಾಡುವ ಯಂತ್ರ ಸೆಟ್ಟಿನೊಳಗೆ ಬರಲೇಬಾರದು, ಆಫ್ ಮಾಡಿದ್ದೇವೆ ಎಂದರೂ ಬೇಡ.

ಕದ್ರಿ_ಕಂಬಳಿ:
ಹೃದಯ ನಿಲ್ಲಿಸಲು ಇವರು ಯಾವ ಇಂಜೆಕ್ಷನ್ ಬಳಸ್ತಾರೆ, ಎಷ್ಟು ಎಂದು ಯಾರಾದರೂ ಹೇಳಿದರೆ ಸ್ಕ್ರಿಪ್ಟ್ ಇನ್ನೂ ನೈಜ ಆಗ್ತದೆ ಅಲ್ವಾ?

ಅರಿವಳಿಕೆ_ಮಣಿಪಾಲ:
ಇಲ್ಲ ಮಾರಾಯ್ರೇ, ಅದನ್ನು ಇಲ್ಲಿ ಹೇಳುವುದೂ ಇಲ್ಲ, ಸಿನಿಮಾದಲ್ಲಿ ತೋರಿಸುವುದೂ ಬೇಡ. ಲೇಬಲ್ ಕಾಣದ ಒಂದು ವಯಲ್, ಮೇಲೆ ಬಿಳಿ ಟೇಪು, ಟೇಪಿನ ಮೇಲೆ ಪೆನ್ನಿನಲ್ಲಿ ಸರದಿಯ ಸಂಖ್ಯೆ. ಸಾಕು. ಪ್ರೇಕ್ಷಕನಿಗೆ ಔಷಧದ ಹೆಸರು ಭಯ ಹುಟ್ಟಿಸುವುದಿಲ್ಲ, ಸಿರಿಂಜ್ ಹಿಡಿದ ಕೈ ನಡುಗುವುದು ಹುಟ್ಟಿಸುತ್ತದೆ. ಹಾಸ್ಟೆಲಿನಲ್ಲಿ ಒತ್ತಡದಲ್ಲಿರುವ ಮಕ್ಕಳೂ ಈ ಸಿನಿಮಾ ನೋಡ್ತಾರೆ ಎನ್ನುವುದು ತಲೆಯಲ್ಲಿರಲಿ.

ಕದ್ರಿ_ಕಂಬಳಿ:
ಒಪ್ಪಿದೆ. ಹಾಗಾದರೆ ಸ್ಥಳೀಯವಾಗಿ ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ? ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು, ಕತ್ತಲಲ್ಲಿ ಮರ ತಪ್ಪುವುದು. ಒಳ್ಳೆ ದೃಶ್ಯ ಆಗ್ತದೆ.

ಹಂಚಿಮನೆ_ಕಾಪು:
ದಯವಿಟ್ಟು ಬೇಡ. ಆ ದಿನ ತುಳುನಾಡಿನ ಮನೆಮನೆಯಲ್ಲಿ ಅದನ್ನು ಕುಡೀತಾರೆ, ಓಮ, ಬೆಳ್ಳುಳ್ಳಿ ಹಾಕಿ ಕಾಸಿ, ಬೆಳಗ್ಗೆ ಖಾಲಿ ಹೊಟ್ಟೆಗೆ. ಕಹಿ ಹೋಗಲು ಮೇಲೆ ಬೆಲ್ಲ, ನಂತರ ಮೆಂತೆ ಗಂಜಿ. ತಪ್ಪು ಮರದ ತೊಗಟೆ ಅಪಾಯ ಎಂಬ ಎಚ್ಚರಿಕೆ ಬೇಕಾದದ್ದೇ, ಆದರೆ ಅದು ಕೊಲೆಯ ಉಪಾಯವಾಗಿ ತೆರೆಗೆ ಬರಬಾರದು. ಹಾಗೆಯೇ ದೈವದ ಮುಖವರ್ಣಿಕೆ, ಗಗ್ಗರದ (ಕಾಲಿನ ಗೆಜ್ಜೆಯ) ಸದ್ದು ಇವನ್ನು ಹೆದರಿಸುವ ಸಾಮಾನಾಗಿ ಬಳಸಬೇಡಿ. ನಮಗೆ ಅದು ನಂಬಿಕೆ ಮತ್ತು ನ್ಯಾಯದ ಜಾಗ. ಆಟಿಯ ಕತ್ತಲು, ಕಪ್ಪೆ, ಪಾಚಿ ಕಟ್ಟಿದ ಅಂಗಳ, ಒಣಗದ ಬಟ್ಟೆಯ ಮುಗ್ಗಲು ವಾಸನೆ. ಇವು ಬೇಕಾದಷ್ಟಾಯಿತು.

ಶವಾಗಾರ_ಟಿಪ್ಪಣಿ:
ಎರಡನೇ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದ ಆಗ್ತದೆ.
ಮೊದಲಿಗೆ ಬೋಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡಿರ್ತವೆ. ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ. ಜುಲೈ ರಾತ್ರಿ ಒಂದು ಟ್ರಾಲ್ ಬೋಟು ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟಿದರೆ ಇಡೀ ದಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ಗೊತ್ತಾಗ್ತದೆ. ನಾಡದೋಣಿ ಮಾಡಿ, ಅಥವಾ ಹೊಳೆ ಮಾಡಿ.
ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸುವುದು ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194ರ ಕೆಳಗೆ. 2024ರ ಜುಲೈ 1ರ ಮುಂಚೆ ಅದು ಸಿಆರ್‌ಪಿಸಿ 174. ಕತೆ ಈಗಿನದ್ದಾದರೆ ಇನ್‌ಸ್ಪೆಕ್ಟರ್ ಬಾಯಲ್ಲಿ ಹಳೆ ಸೆಕ್ಷನ್ ಬೇಡ. ಶವ ಪಂಚನಾಮೆ ಮೊದಲು, ಪೋಸ್ಟ್‌ಮಾರ್ಟಂ ನಂತರ. ನಡುರಾತ್ರಿ ಬಲ್ಬಿನ ಕೆಳಗೆ ಪೋಸ್ಟ್‌ಮಾರ್ಟಂ ಮಾಡುವ ದೃಶ್ಯ ಇದ್ದರೆ ತೆಗೆಯಿರಿ. 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೂರ್ಯಾಸ್ತದ ನಂತರವೂ ಅನುಮತಿ ಕೊಟ್ಟದ್ದು ನಿಜ, ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ ಮತ್ತು ಅನುಮಾನಾಸ್ಪದ ಸಾವುಗಳನ್ನು ಹೊರಗಿಟ್ಟು. ಕಾನೂನು ಸುವ್ಯವಸ್ಥೆಯ ತುರ್ತು ಇದ್ದರೆ ಮಾತ್ರ ವಿನಾಯಿತಿ. ರಾತ್ರಿ ಮಾಡಿದ್ದಕ್ಕೆ ವಿಡಿಯೋ ಚಿತ್ರೀಕರಣವೂ ಬೇಕು.
ಈಗ ದೇಹ. ಸತ್ತ ಮೇಲೆ ರಕ್ತ ತಗ್ಗಿನ ಕಡೆ ಇಳಿದು ಚರ್ಮದ ಮೇಲೆ ನೇರಳೆ ಕಲೆ ಮೂಡುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಕಾಣತೊಡಗಿ, 6ರಿಂದ 12 ಗಂಟೆಯಲ್ಲಿ ಅಲ್ಲಿಯೇ ಊರುತ್ತದೆ, ನಂತರ ಹೊರಳಿಸಿದರೂ ಜಾಗ ಬದಲಿಸುವುದಿಲ್ಲ. ಆಟ ನಡೆದದ್ದು ಅಂಗಾತ ಮಲಗಿಸಿ. ರಾತ್ರೋರಾತ್ರಿ ಬೇಡ, ಇವರು ಹೆದರಿ ಹಗಲಿಡೀ ಕೋಣೆಯಲ್ಲಿಟ್ಟು ಮರುದಿನ ರಾತ್ರಿ ನೀರಿಗೆ ಹಾಕಿದ್ದಾರೆ ಎಂದಿರಲಿ. ಹೆಣ ಸಿಕ್ಕಾಗ ಮುಖ ಕೆಳಗೆ, ಕಲೆ ಮಾತ್ರ ಬೆನ್ನಿನ ಮೇಲೆ. ಅದರ ನಡುವೆ, ಭುಜದ ಹಲಗೆ ಮತ್ತು ಪೃಷ್ಠ ನೆಲಕ್ಕೆ ಒತ್ತಿದ್ದ ಜಾಗದಲ್ಲಿ ಬಿಳಿ ಬಿಟ್ಟಿದೆ. ನೆಲದ ಮೇಲೆ ಏನಾದರೂ ಬಿದ್ದಿದ್ದರೆ ಅದರ ಆಕಾರವೂ ಬಿಳಿಯಾಗಿ ಉಳಿಯುತ್ತದೆ. ಒಂದು ಸ್ಟೆತಾಸ್ಕೋಪಿನ ಕೊಳವೆಯ ಬಿಳಿ ಗೆರೆ ಬೆನ್ನಿನ ಮೇಲೆ ಕ್ಲೋಸಪ್‌ನಲ್ಲಿ ಕಂಡರೆ, ತನಿಖೆ ಯಾವ ಮನೆಗೆ ಹೋಗಬೇಕು ಎಂದು ಯಾರೂ ಹೇಳಬೇಕಾಗಿಲ್ಲ.
ಮುಳುಗಿ ಸತ್ತವನಿಗೂ ಸತ್ತ ಮೇಲೆ ನೀರಿಗೆ ಬಿದ್ದವನಿಗೂ ವ್ಯತ್ಯಾಸ ಉಂಟು. ಮುಳುಗಿದವನ ಬಾಯಿ ಮೂಗಿನಲ್ಲಿ ಬಿಳಿ, ಸಣ್ಣ ಗುಳ್ಳೆಯ, ಒರೆಸಿದರೂ ಮತ್ತೆ ಬರುವ ನೊರೆ. ಕೆಲವೊಮ್ಮೆ ಮುಷ್ಟಿಯಲ್ಲಿ ಗಟ್ಟಿ ಹಿಡಿದ ಮರಳು ಅಥವಾ ಪಾಚಿ. ಮೂಳೆಮಜ್ಜೆಯಲ್ಲಿ ಡಯಾಟಮ್ (ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿ). ಇವು ಇಲ್ಲ, ಬದಲಿಗೆ ಎದೆಯ ಮುಂಭಾಗದಲ್ಲಿ ಎರಡೂ ಕಡೆ ಸಾಲಾಗಿ ಮುರಿದ ಪಕ್ಕೆಲುಬು. ಡಾಕ್ಟರ್ ಕೇಳುವ ಒಂದೇ ಪ್ರಶ್ನೆ: "ಇವನಿಗೆ ಸಿಪಿಆರ್ ಕೊಟ್ಟದ್ದು ಯಾರು?"
ಸತ್ತ ಹೊತ್ತು ಹೇಳುವಾಗ ಎಚ್ಚರ. ಮೈ ಬಿಸಿ ಗಂಟೆಗೆ ಒಂದೂವರೆ ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 0.8 ಸೆಲ್ಸಿಯಸ್) ಇಳಿಯುತ್ತದೆ ಎಂಬ ಲೆಕ್ಕ ಚಳಿ ದೇಶದ್ದು. ನಮ್ಮ ಕರಾವಳಿಯ ಸೆಕೆಯಲ್ಲಿ ಗಂಟೆಗೆ ಅರ್ಧ ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅದೂ ಕೋಣೆಯ ಬಿಸಿ, ಗಾಳಿ, ಬಟ್ಟೆ ನೋಡಿ ಬದಲಾಗ್ತದೆ. ಮರಣಕಾಠಿಣ್ಯ ಇಲ್ಲಿ ಒಂದೆರಡು ಗಂಟೆಯಲ್ಲೇ ಶುರು, ಮೊದಲು ಕಣ್ಣಿನ ರೆಪ್ಪೆ, ದವಡೆ, ಕತ್ತು, ಆಮೇಲೆ ಕೈಕಾಲು. ಬಿಡುವುದೂ ಬೇಗ. ಕೊಳೆಯುವ ಮೊದಲ ಗುರುತು ಹೊಟ್ಟೆಯ ಬಲ ಕೆಳಭಾಗದ ಹಸಿರು ಕಲೆ, ಸೆಕೆಗಾಲದಲ್ಲಿ 12ರಿಂದ 18 ಗಂಟೆಗೇ ಕಾಣಬಹುದು. ಫೋರೆನ್ಸಿಕ್ ಪುಸ್ತಕ ಬಾಯಿಪಾಠ ಮಾಡಿದ ವಿದ್ಯಾರ್ಥಿ ವಿದೇಶಿ ಲೆಕ್ಕದಲ್ಲಿ ಸುಳ್ಳು ಸಾಕ್ಷಿ ಕಟ್ಟಲಿ, ಇಲ್ಲಿನ ಹವೆ ಅವನನ್ನು ಹಿಡಿದುಕೊಡಲಿ.

ಬೋಳಾರ_ಬರಹ:
ಸ್ಟೆತಾಸ್ಕೋಪಿನ ಬಿಳಿ ಗೆರೆ ಸ್ಕ್ರಿಪ್ಟಿಗೆ ಹೋಯಿತು, ತುಂಬ ಧನ್ಯವಾದ ಸರ್. ಒಂದು ಉಪಕತೆ ಉಂಟು: ಒಬ್ಬ ವಿದ್ಯಾರ್ಥಿ ವಿಸೆರಾ (ಪರೀಕ್ಷೆಗೆ ತೆಗೆದಿಟ್ಟ ಒಳ ಅಂಗಗಳ) ಬಾಟಲಿಗೆ ಫಾರ್ಮಲಿನ್ ಸುರಿದು ಸಾಕ್ಷಿ ಹಾಳು ಮಾಡುವುದು. ನಡೀತದಾ? ಮತ್ತೆ, ಹೆಣವನ್ನು ಹೊಳೆಗೆ ಹಾಕುವ ಬದಲು ಡಿಸೆಕ್ಷನ್ ಹಾಲಿನ ಶವಗಳ ನಡುವೆ ಅಡಗಿಸಿದರೆ?

ಶವಾಗಾರ_ಟಿಪ್ಪಣಿ:
ಮೊದಲನೆಯದಕ್ಕೆ ಆಧಾರ ಇದೆ. ವಿಷ ಪರೀಕ್ಷೆಗೆ ಹೋಗುವ ಅಂಗಗಳನ್ನು ಸ್ಯಾಚುರೇಟೆಡ್ ಉಪ್ಪು ನೀರಿನಲ್ಲಿ ಇಡ್ತಾರೆ. ಫಾರ್ಮಲಿನ್ ಹಾಕಿದರೆ ಅಂಗಾಂಶ ಗಟ್ಟಿಯಾಗಿ ವಿಷ ಬೇರ್ಪಡಿಸುವುದು ಕಷ್ಟ. ಸೂಕ್ಷ್ಮದರ್ಶಕ ಪರೀಕ್ಷೆಗೆ ಮಾತ್ರ ಫಾರ್ಮಲಿನ್. ಆದರೆ ವಿದ್ಯಾರ್ಥಿ ಬಾಟಲಿ ಮುಟ್ಟುವುದು ನಂಬಿಕೆಗೆ ದೂರ. ಬಾಟಲಿ ಬಾಯಿ ಮುಚ್ಚಿ ಅರಗಿನ ಮೊಹರು ಹಾಕಿ, ಮೊಹರಿನ ಮಾದರಿ ಬೇರೆ ಕಳಿಸಿ, ರಸೀದಿ ಪಡೆದು ಪೊಲೀಸರ ಕೈಗೆ ಕೊಡ್ತಾರೆ. ಮೊಹರಿಗಿಂತ ಮೊದಲಿನ ಒಂದು ನಿಮಿಷದಲ್ಲೇ ಆಗಬೇಕು. ರಕ್ತದ ಬಾಟಲಿ ಬೇರೆ ಇರ್ತದೆ, ಸೋಡಿಯಂ ಫ್ಲೋರೈಡ್ ಹಾಕಿದ್ದು. ಅದನ್ನು ಅವನು ಮರೆಯಲಿ. ವರದಿ ಮರುದಿನ ಬರುವುದೂ ಬೇಡ. ಮಂಗಳೂರಿನಲ್ಲೇ ಪ್ರಾದೇಶಿಕ ಪ್ರಯೋಗಾಲಯ ಇದ್ದರೂ ರಾತ್ರಿ ಕಳಿಸಿದ್ದಕ್ಕೆ ಬೆಳಿಗ್ಗೆ ಉತ್ತರ ಬರುವುದಿಲ್ಲ.

ಅನಾಟಮಿ_ಮೇಜು:
ಡಿಸೆಕ್ಷನ್ ಹಾಲಿನ ಉಪಾಯ ಒಂದು ದಿನವೂ ನಿಲ್ಲುವುದಿಲ್ಲ. ಕಾಲೇಜಿನ ಶವ ಎಂದರೆ ಬೂದು-ಕಂದು ಬಣ್ಣ, ಚರ್ಮ ಚಪ್ಪಲಿಯ ತೊಗಲಿನ ಹಾಗೆ, ಕೀಲು ಗಟ್ಟಿ, ಕೊಯ್ದರೆ ರಕ್ತ ಬರುವುದಿಲ್ಲ. ಎಂಬಾಮ್ ಮಾಡುವಾಗ (ಕೊಳೆಯದ ಹಾಗೆ ಔಷಧ ತುಂಬುವಾಗ) ತೊಡೆಯ ಅಥವಾ ಕತ್ತಿನ ಅಪಧಮನಿಯಿಂದ ಸುಮಾರು 8ರಿಂದ 10 ಲೀಟರ್ ದ್ರವ ಒಳಗೆ ಹೋಗಿರ್ತದೆ: ಫಾರ್ಮಲಿನ್, ಗ್ಲಿಸರಿನ್, ಸ್ಪಿರಿಟ್, ಫಿನಾಲ್. ಹೊಸ ಹೆಣವನ್ನು ಬರೇ ಫಾರ್ಮಲಿನ್ ಟ್ಯಾಂಕಿಗೆ ಇಳಿಸಿದರೆ ಹೊರಗಿನ ಪದರ ಗಟ್ಟಿಯಾದರೂ ಒಳಗೆ ಕರುಳು ಕೊಳೆತು ಉಬ್ಬುತ್ತದೆ, ಹೆಣ ತೇಲುತ್ತದೆ. ಪ್ರತಿ ಶವಕ್ಕೂ ಸಂಖ್ಯೆಯ ಬಿಲ್ಲೆ, ರಿಜಿಸ್ಟರ್ ಇರ್ತದೆ. ಹಾಲಿನ ಅಟೆಂಡರ್ ಲೆಕ್ಕ ತಪ್ಪುವವರಲ್ಲ. ಅಡಗಿಸಲು ನೋಡಿ ಸೋಲುವ ದೃಶ್ಯ ಬೇಕಾದರೆ ಇಡಿ, ಬಾಗಿಲು ತೆರೆದ ಅಟೆಂಡರ್ ಏನೂ ಹೇಳದೆ ಬಿಲ್ಲೆ ಎಣಿಸುವುದು.
ಫಾರ್ಮಲಿನ್ ಎಂದರೆ ನೀರಿನಲ್ಲಿ ಶೇ. 37ರಿಂದ 40 ಫಾರ್ಮಾಲ್ಡಿಹೈಡ್. ಹತ್ತಿರ ಹೋದರೆ ವಾಕರಿಕೆಗಿಂತ ಮೊದಲು ಕಣ್ಣು ಉರಿದು ನೀರು ಬರ್ತದೆ. ಮೊದಲ ವಾರ ಎಲ್ಲ ವಿದ್ಯಾರ್ಥಿಗಳ ಕಣ್ಣೂ ಕೆಂಪು. ಸೆಟ್ಟಿಗೆ ನಿಜ ಫಾರ್ಮಲಿನ್ ತರಬೇಡಿ, ಅದು ಕ್ಯಾನ್ಸರ್‌ಕಾರಕ. ನೀರಿಗೆ ಎರಡು ಹನಿ ಹಳದಿ ಬಣ್ಣ ಸಾಕು.
ಮತ್ತೊಂದು ಕೇಳಿಕೆ. ಈಗಿನ ಪಠ್ಯಕ್ರಮದಲ್ಲಿ ಡಿಸೆಕ್ಷನ್ ಶುರುವಾಗುವ ಮೊದಲು ವಿದ್ಯಾರ್ಥಿಗಳು ಶವದ ಮುಂದೆ ಪ್ರಮಾಣ ಸ್ವೀಕರಿಸ್ತಾರೆ. ಶವವನ್ನು ಮೊದಲ ಗುರು ಎಂದು ಕರೀತಾರೆ. ಅದನ್ನು ಚಿತ್ರದ ಮೊದಲ ದೃಶ್ಯ ಮಾಡಿ, ಐವರ ದನಿಯಲ್ಲಿ. ಆಮೇಲೆ ಅವರು ಆಡುವ ಆಟಕ್ಕೆ ತೂಕ ತಾನಾಗಿ ಬರ್ತದೆ. ದೇಹದಾನ ಮಾಡಿದವರ ಮನೆಯವರು ಈ ಊರಿನಲ್ಲೇ ಇದ್ದಾರೆ, ಡಿಸೆಕ್ಷನ್ ಹಾಲಿನಲ್ಲಿ ಕುಚೋದ್ಯದ ದೃಶ್ಯ ಖಂಡಿತ ಬೇಡ.

ವಕೀಲರ_ಗುಡ್ಡೆ:
ಆಟಕ್ಕೆ ಮುಂಚೆ ಎಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತಾರೆ ಎಂದಿದ್ದರೆ ಒಳ್ಳೆಯದು, ಅದರ ಸುಳ್ಳು ಕೊನೆಗೆ ಬಯಲಾಗಲಿ. ಸಾವು ಆಗಬಹುದು ಎಂದು ಗೊತ್ತಿದ್ದು ಮಾಡಿದ ಕೆಲಸಕ್ಕೆ ಸತ್ತವನ ಒಪ್ಪಿಗೆ ರಕ್ಷಣೆ ಆಗುವುದಿಲ್ಲ. 18 ದಾಟಿದವನ ಒಪ್ಪಿಗೆ ಇದ್ದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 101ರ ಐದನೇ ವಿನಾಯಿತಿಯಲ್ಲಿ ಕೊಲೆಯ ಆರೋಪ ಕೊಲೆಯಲ್ಲದ ನರಹತ್ಯೆಗೆ ಇಳಿಯಬಹುದು ಅಷ್ಟೇ. ಹೆಣ ಸಾಗಿಸಿದ್ದಕ್ಕೆ ಸಾಕ್ಷ್ಯನಾಶ ಬೇರೆ, 238. ಬಲವಂತ ಸೀನಿಯರಿನದ್ದಾದರೆ ರ‍್ಯಾಗಿಂಗ್. 1800-180-5522 ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ, ಹಾಸ್ಟೆಲ್ ಗೋಡೆಯ ಮೇಲಿನ ಬೋರ್ಡಿನಲ್ಲಿ ಅದು ಓದುವ ಹಾಗೆ ಕಾಣಲಿ.

ಕಲ್ಯಾಣಪುರ_ದೋಣಿ:
ಎಲ್ಲರೂ ದೊಡ್ಡ ತೂತು ಬಿಟ್ಟೇ ಮಾತಾಡ್ತಿದ್ದೀರಿ. ಅತ್ತಾವರದ ಮನೆ! ಆಸುಪಾಸಿನಲ್ಲೇ ದೊಡ್ಡ ಆಸ್ಪತ್ರೆ ಉಂಟು, ಹಂಪನಕಟ್ಟೆಗೆ ಹೋದರೆ ವೆನ್ಲಾಕ್. ಒಬ್ಬನ ಹೃದಯ ನಿಂತರೆ ರಿಕ್ಷಾದಲ್ಲಿ ಹಾಕಿಕೊಂಡು ಹೋದರೂ ಕ್ಯಾಶುವಾಲ್ಟಿ ಮುಟ್ಟಬಹುದು. ಪ್ರೇಕ್ಷಕ "ಯಾಕೆ ಹೋಗಲಿಲ್ಲ?" ಎಂದು ಕೇಳಿಯೇ ಕೇಳ್ತಾನೆ.
ಮನೆಯನ್ನು ಕುದ್ರುವಿಗೆ, ಅಂದರೆ ಹೊಳೆಯ ನಡುವಿನ ದ್ವೀಪಕ್ಕೆ, ಸಾಗಿಸಿ. ಉಡುಪಿ ಬಳಿ ಸ್ವರ್ಣಾ ಹೊಳೆ ಕಡಲು ಸೇರುವ ಕೆಮ್ಮಣ್ಣು, ಹೂಡೆಯ ಕಡೆ ನೋಡಿ. ತೆಂಗಿನ ತೋಟ, ನಾಲ್ಕು ಮನೆ, ಸುತ್ತ ನೀರು. ಮಣಿಪಾಲದ ವಿದ್ಯಾರ್ಥಿಗಳು ವಾರಾಂತ್ಯಕ್ಕೆ ಅಲ್ಲಿ ಮನೆ ಹಿಡಿಯುವುದು ಸಹಜವೂ ಹೌದು. ಸೇತುವೆ ಇಲ್ಲದ ಒಂದು ಕುದ್ರುವನ್ನು ಕಲ್ಪಿಸಿಕೊಳ್ಳಿ, 108ರ ಗಾಡಿ ಆಚೆ ದಡದಲ್ಲಿ ನಿಲ್ಲಬೇಕಾಗ್ತದೆ. ಆಟಿಯಲ್ಲಿ ನೆರೆ ನೀರು ಕೆಂಪಗೆ ಕಡಲಿಗೆ ಎಳೀತದೆ, ಭರತದ ಹೊತ್ತಿನಲ್ಲಿ ಕಡಲು ಎದುರು ತಳ್ಳುತ್ತದೆ. ಭರತ-ಇಳಿತ ಸುಮಾರು ಆರು ಗಂಟೆಗೊಮ್ಮೆ ತಿರುಗುತ್ತದೆ. ಇಳಿತದ ಹೊತ್ತು ದೋಣಿ ಹಾಕಿದರೆ ಜಲ್ಲೆ (ದೋಣಿ ನೂಕುವ ಉದ್ದ ಕೋಲು) ಊರುವ ಮೊದಲೇ ಅಳಿವೆಯ ಕಡೆ ಜಾರುತ್ತದೆ. ದೋಣಿ ನಡೆಸಲು ಬರುವವನು ಐವರಲ್ಲಿ ಒಬ್ಬನೇ ಇರಲಿ, ಮೂರನೇ ಸರದಿ ಅವನದ್ದೇ ಆಗಲಿ.

ಬೋಳಾರ_ಬರಹ:
ಬೆಳಿಗ್ಗೆಯಿಂದ ಇದನ್ನೇ ಯೋಚಿಸ್ತಾ ಇದ್ದೇನೆ. ಅತ್ತಾವರ ಬಿಟ್ಟೆವು, ಟ್ರಾಲ್ ಬೋಟೂ ಬಿಟ್ಟೆವು. ಕುದ್ರುವೇ.

ಕುದ್ರೋಳಿ_ಮೇಕಪ್:
ಮೇಕಪ್ ವಿಷಯ. ಜೆಲಟಿನ್ ಗಾಯ ಮಾಡಬೇಡಿ, ನಮ್ಮ ಸೆಕೆಗೆ ಲೈಟಿನ ಕೆಳಗೆ ಅರ್ಧ ಗಂಟೆಯಲ್ಲಿ ಅಂಚು ಬಿಡ್ತದೆ. ಪ್ಲಾಟಿನಮ್ ಸಿಲಿಕೋನ್ ಒಳ್ಳೆಯದು, ಆದರೆ ಲೇಟೆಕ್ಸ್ ಗ್ಲೌಸ್ ಹಾಕಿ ಕಲಸಿದರೆ, ಇಲ್ಲವೇ ಗಂಧಕ ಇರುವ ಮಾಡೆಲಿಂಗ್ ಕ್ಲೇ ಮೇಲೆ ಸುರಿದರೆ ಗಟ್ಟಿಯೇ ಆಗುವುದಿಲ್ಲ, ಅಂಟಂಟಾಗಿ ಉಳೀತದೆ. ನೈಟ್ರೈಲ್ ಅಥವಾ ವಿನೈಲ್ ಗ್ಲೌಸ್ ಹಾಕಿ.
ರಕ್ತಕ್ಕೆ: ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 1 ಲೀಟರ್, ಬೆಚ್ಚಗಿನ ನೀರು 200 ಮಿಲಿ, ತಿನ್ನುವ ಕೆಂಪು ಬಣ್ಣ 30 ಮಿಲಿ, ಕೋಕೋ ಪುಡಿ 2 ಚಮಚ ಮೊದಲೇ ನೀರಿನಲ್ಲಿ ಕದಡಿ, ನೀಲಿ ಬಣ್ಣ 3-4 ಹನಿ. ಕೋಕೋ ಇಲ್ಲದಿದ್ದರೆ ಎಲ್‌ಇಡಿ ಬೆಳಕಿನಲ್ಲಿ ಶರಬತ್ತಿನ ಹಾಗೆ ಕಾಣ್ತದೆ. ಬಿಳಿ ಕೋಟಿನ ಮೇಲೆ ಬೀಳುವುದಕ್ಕೆ ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿದರೆ ಬಟ್ಟೆಗೆ ಹರಡುತ್ತದೆ, ತೊಳೆಯಲೂ ಸುಲಭ. ಬಾಯಿಗೆ ಹಾಕುವ ರಕ್ತಕ್ಕೆ ಅದು ಬೇಡ, ಬೇರೆ ಬಾಟಲಿ ಇಟ್ಟು ಹೆಸರು ಬರೆಯಿರಿ. ಸಕ್ಕರೆಯ ರಕ್ತಕ್ಕೆ ಇರುವೆ ಬರ್ತದೆ, ನೆಲದ ಮೇಲೆ ಮಲಗಿದ ನಟನಿಗೆ ಕಚ್ಚುತ್ತದೆ. ಶಾಟ್ ಮುಗಿದ ಕೂಡಲೇ ನೆಲ ಒರೆಸಬೇಕು.
ಹೆಣವಾಗಿ ಮಲಗುವವರ ಕತ್ತಿನ ನಾಡಿ ಕ್ಯಾಮೆರಾಕ್ಕೆ ಕಾಣ್ತದೆ. ಮುಖ ಸ್ವಲ್ಪ ಕ್ಯಾಮೆರಾದಿಂದ ಆಚೆ ತಿರುಗಲಿ, ಶಾಟ್ 8-10 ಸೆಕೆಂಡಿಗಿಂತ ಉದ್ದ ಬೇಡ.

ಕೂಳೂರು_ಕ್ಯಾಮೆರಾ:
24 ಫ್ರೇಮಿನಲ್ಲಿ ತೆಗೆಯುವುದಾದರೆ ಶಟರ್ 172.8 ಡಿಗ್ರಿ ಇಡಿ, ಅಂದರೆ ಸೆಕೆಂಡಿನ 50ನೇ ಒಂದು ಭಾಗ. 180 ಇಟ್ಟರೆ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಮಿಣುಕುತ್ತದೆ. ಎಸಿ ಕೋಣೆಯಿಂದ ಕ್ಯಾಮೆರಾ ಹೊರಗೆ ತಂದರೆ ಲೆನ್ಸಿಗೆ ಮಂಜು ಹಿಡೀತದೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ. ಹಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಲೈವ್ ಸೌಂಡ್ ಸಿಗುವುದಿಲ್ಲ, ಡಬ್ಬಿಂಗಿಗೆ ದುಡ್ಡು ಮೊದಲೇ ತೆಗೆದಿಡಿ.

ಸೌಂಡ್_ಉಡುಪಿ:
ಡಬ್ಬಿಂಗ್ ಆದರೂ ಸರಿ, ಆ ಜಾಗದ ಮಳೆಯನ್ನು ಬೇರೆಯೇ ರೆಕಾರ್ಡ್ ಮಾಡಿ: ಮಾಡಿನ ಕೆಳಗೆ, ಅಂಗಳದಲ್ಲಿ, ತೆಂಗಿನ ಗರಿಯ ಕೆಳಗೆ, ದೋಣಿಯಲ್ಲಿ ಕೂತು. ನಾಲ್ಕೂ ಬೇರೆ ಬೇರೆ ಸದ್ದು. ಮಳೆ ಹಠಾತ್ತಾಗಿ ನಿಂತ ಮೇಲಿನ ಎರಡು ನಿಮಿಷವೂ ಬೇಕು, ಹಂಚಿನಿಂದ ಹನಿ ತೊಟ್ಟಿಕ್ಕುವುದು.

ಬೋಳಾರ_ಬರಹ:
ಕೊನೆಯ ಪ್ರಶ್ನೆ. ಕ್ಲೈಮ್ಯಾಕ್ಸ್ ಈಗ ಹೀಗೆ: ನಾಲ್ಕನೇ ಸರದಿ, ಕರೆಂಟ್ ಹೋಗಿದೆ, ಹುಡುಗಿಗೆ ನಾಡಿ ವಾಪಸು ಬಂದಿದೆ, ತಾನಾಗಿ ಉಸಿರು ಸಾಲದು. ಅವಳನ್ನು ದೋಣಿಯಲ್ಲಿ ದಾಟಿಸಬೇಕು. ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರ್ತದೆ? ಯಾವ ಬಣ್ಣದ್ದು?

ಅರಿವಳಿಕೆ_ಮಣಿಪಾಲ:
ವಿದೇಶಿ ಸಿನಿಮಾ ನೋಡಿ ಹಸಿರು ಬಣ್ಣ ಬಳಿಯಬೇಡಿ. ನಮ್ಮಲ್ಲಿ ಆಕ್ಸಿಜನ್ ಎಂದರೆ ಕಪ್ಪು ಮೈ, ಬಿಳಿ ಹೆಗಲು. ನೀಲಿ ಸಿಲಿಂಡರ್ ನೈಟ್ರಸ್ ಆಕ್ಸೈಡ್. ಕತ್ತಲಲ್ಲಿ ಒಂದರ ಬದಲು ಇನ್ನೊಂದು ಎತ್ತಿಕೊಳ್ಳುವ ಭಯವನ್ನು ಒಂದು ಶಾಟಿನಲ್ಲಿ ತರಬಹುದು, ಟಾರ್ಚ್ ಬೆಳಕು ಬಿಳಿ ಹೆಗಲಿನ ಮೇಲೆ ಬಿದ್ದಾಗ ಅವನು ಉಸಿರು ಬಿಡಲಿ.
ದೋಣಿಗೆ ಬಿ ಟೈಪ್ ಸರಿ, ಒಬ್ಬ ಎತ್ತಬಹುದು. ಡಿ ಟೈಪ್ 7000 ಲೀಟರಿನದ್ದು, ಅದನ್ನು ಆ ದೋಣಿಗೆ ಹಾಕುವ ಹಾಗಿಲ್ಲ. ಬಿ ಟೈಪ್ ತುಂಬಿದಾಗ ಸುಮಾರು 1500 ಲೀಟರ್, ಗೇಜಿನ ಸೂಜಿ 150ರ ಹತ್ತಿರ. ಸೂಜಿ ಇಳಿದಷ್ಟೇ ಪ್ರಮಾಣದಲ್ಲಿ ಅನಿಲವೂ ಇಳಿದಿದೆ ಎಂದು ಲೆಕ್ಕ. ಸೂಜಿ 30ರಲ್ಲಿ ಇದ್ದರೆ ಉಳಿದದ್ದು 300 ಲೀಟರ್. ಅಂಬು ಬ್ಯಾಗಿಗೆ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ನಿಮಿಷಕ್ಕೆ 15 ಲೀಟರ್ ಬಿಟ್ಟರೆ 20 ನಿಮಿಷ. 10ಕ್ಕೆ ಇಳಿಸಿದರೆ 30 ನಿಮಿಷ, ಆದರೆ ಅವಳಿಗೆ ಸಿಗುವ ಆಮ್ಲಜನಕವೂ ಕಡಿಮೆ ಆಗ್ತದೆ. ಮಾತಿಲ್ಲದೆ, ಫ್ಲೋಮೀಟರಿನ ಗುಬುಟು ತಿರುಗಿಸಬೇಕೋ ಬೇಡವೋ ಎಂದು ಬೆರಳು ಅಲ್ಲೇ ನಿಲ್ಲಲಿ. ಬ್ಯಾಗ್ ಒತ್ತುವುದು ಐದಾರು ಸೆಕೆಂಡಿಗೊಮ್ಮೆ, ಎದೆ ಸ್ವಲ್ಪ ಏರುವಷ್ಟೇ. ಗಾಬರಿಯಲ್ಲಿ ಎಲ್ಲರೂ ಬೇಗ ಬೇಗ ಒತ್ತುತ್ತಾರೆ, ಗಾಳಿ ಹೊಟ್ಟೆಗೆ ಹೋಗಿ ವಾಂತಿ ಬರ್ತದೆ, ಅದು ಶ್ವಾಸನಾಳಕ್ಕೆ ಇಳೀತದೆ. ಪಕ್ಕದವನು ಗಟ್ಟಿಯಾಗಿ ಎಣಿಸಲಿ.

ಕಲ್ಯಾಣಪುರ_ದೋಣಿ:
20 ನಿಮಿಷ ಎಂದರೆ ಇಳಿತದಲ್ಲಿ ಸಾಲದು, ನೀರು ತಿರುಗುವ ತನಕ ಕಾದರೆ ಸಾಕು. ನೀರು ತಿರುಗುವಾಗ ಹೊಳೆ ಸ್ವಲ್ಪ ಹೊತ್ತು ನಿಂತ ಹಾಗೆ ಇರ್ತದೆ, ಮೇಲೆ ತೇಲುವ ಕಸ ಮುಂದೆ ಹೋಗುವುದಿಲ್ಲ. ಜಲ್ಲೆ ಹಿಡಿದವನು ಬ್ಯಾಟರಿ ಬೆಳಕು ಬಿಟ್ಟು ಒಂದು ತೆಂಗಿನ ಸಿಪ್ಪೆಯನ್ನೇ ನೋಡ್ತಾ ಇರಲಿ, ಅದು ನಿಂತಾಗ ದೋಣಿ ಬಿಡಲಿ.

ಬೋಳಾರ_ಬರಹ:
ಸೂಜಿ 30, ಎಣಿಸುವ ದನಿ, ನೀರಿನ ಮೇಲೆ ಸಿಪ್ಪೆ. ನಾಲ್ಕನೇ ಕರಡು ಇವತ್ತೇ ಶುರು ಮಾಡ್ತೇನೆ. ಗೇಜ್ ಪ್ರಾಪಿನ ಸೂಜಿಯನ್ನು ಹಿಂದಿನಿಂದ ಕೈಯಲ್ಲಿ ತಿರುಗಿಸುವ ಹಾಗೆ ಮಾಡಲು ಬರುವವರು ಬಂದರು ಕಡೆ ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ.